ಕೈಗೆ ಕಸುವು ತರುವ ಕೈಗಳು ಯಾರವು?

ಜಗಳೂರು ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಪಂಗಡದವರಿಗೆ ಮೀಸಲಾಗಿರುವುದನ್ನು ನಮ್ಮ ವಾಚಕರು ಬಲ್ಲರು. ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು 1991ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದುವು. ಶಾಸನಸಭೆಯಲ್ಲಿ ಈ ಜನರಿಗೆ ಪೀಠ ದೊರೆತುದು ಸಂತೋಷವೇ ಸರಿ. ಆದರೆ ರೋಗಿಯ ಮಗ್ಗುಲಲ್ಲಿ ಚಿಕಿತ್ಸಕರಾಗಿ ಇವರ ಮಕ್ಕಳು ಎಂದು ಕುಳಿತಾರು?

ನಾವು ಹೇಳಹೊರಟಿರುವುದು ಆಕ್ಯುಪೇಷನಲ್ ಥೆರಪಿ ಎಂಬ ವೃತ್ತಿಯನ್ನು ಕುರಿತು. ಇದನ್ನು 'ಔದ್ಯೋಗಿಕ ಚಿಕಿತ್ಸೆ' ಎಂದು ಕನ್ನಡಿಸಿರುವರು. ಕೇಳಿದವರು ನೌಕರಿ ಕೊಡಿಸುವ ಕಚೇರಿಯೆಂದು ಭ್ರಮಿಸಿದರೆ ತಪ್ಪು ಅವರದಲ್ಲ. ಪಾರ್ಶ್ವವಾಯು ಬಡಿದವನು ಮರಳಿ ತುತ್ತೆತ್ತುವಂತೆ, ಸೆರೆಬ್ರಲ್ ಪಾಲ್ಸಿಯ ಮಗು ತಾನೇ ಅಂಗಿ ತೊಡುವಂತೆ, ದಿನನಿತ್ಯದ ಕೆಲಸಗಳ ಮೂಲಕವೇ ಮೈಮನಗಳನ್ನು ಹದಕ್ಕೆ ತರುವ ವಿದ್ಯೆಯಿದು. ಅಮೆರಿಕೆಯಲ್ಲಿ 1917ರಲ್ಲಿ ಇದರ ಸಂಘ ಸ್ಥಾಪಿತವಾಯಿತು. ಹುಟ್ಟಿನಿಂದ ಅಮೆರಿಕೆಯವರೂ ವಿವಾಹದಿಂದ ನಮ್ಮವರೂ ಆದ ಕಮಲಾ ನಿಂಬ್ಕರ್ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆಯನ್ನು ತೆರೆದರು. 1952ರಲ್ಲಿ ಲೋಕದ ಒಕ್ಕೂಟ ಹುಟ್ಟಿದಾಗ ಸ್ಥಾಪಕ ರಾಷ್ಟ್ರಗಳು ಹತ್ತು. ಅವುಗಳಲ್ಲಿ ಭಾರತವೂ ಒಂದು.

ಹೃದಯಕ್ಕೆ ಶಸ್ತ್ರಕ್ರಿಯೆ ಮಾಡುವ ವೈದ್ಯನಿಗೆ ರೋಗಿಯ ಅಡಿಗೆಮನೆ ತಿಳಿಯದಿದ್ದರೂ ನಡೆದೀತು. ಇಲ್ಲಿ ಹಾಗಲ್ಲ. ಚಮಚ ಹಿಡಿಯುವುದನ್ನು ಕಲಿಸುವ ಪುಸ್ತಕವು, ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗುವ ಮನೆಯಲ್ಲಿ ಏನು ಮಾಡೀತು? ನಮ್ಮ ಹಟ್ಟಿಗಳಲ್ಲಿ ಉಣ್ಣುವುದು, ಕೂರುವುದು, ಕಾಳು ಆರಿಸುವುದು ಎಲ್ಲವೂ ನೆಲದ ಮೇಲೆಯೇ. ಬೆರಳಿನ ಶಕ್ತಿ ಮರಳಲು ಪ್ಲಾಸ್ಟಿಕ್ ಗುಂಡುಗಳೇ ಬೇಕೆ? ಬುಟ್ಟಿ ಶೇಂಗಾ ಸುಲಿಯಲು ಕೊಟ್ಟರಾಗದೆ? ಕುರಿಯ ಹಗ್ಗ ಗಂಟಿಕ್ಕುವ ಕೈಚಳಕವನ್ನು ಕುರಿಗಾಹಿಯ ಮಗಳು ಕಾಣುವಂತೆ ಪಟ್ಟಣಿಗರು ಕಾಣಲಾರರು. ಲಂಬಾಣಿ ತಾಂಡದ ಮುದುಕಿಯ ನೋವು ಆಕೆಯ ಸ್ವಂತ ಮಾತಿನಲ್ಲಿಯೇ ಸರಾಗವಾಗಿ ಹೊರಬರುವುದು. ಅಮೆರಿಕ, ಬ್ರಿಟನ್ನುಗಳಲ್ಲಿಯೂ ಈ ವೃತ್ತಿಯಲ್ಲಿ ಬಿಳಿಯರೇ ಬಹುಪಾಲು. ತಮ್ಮ ಬಾಳನ್ನರಿಯದವರು ತಮಗೆ ಬಾಳು ಕಲಿಸುವರೆಂಬ ದೂರು ಅಲ್ಲಿನ ಕರಿಯರದೂ ಹೌದು.

ತಡೆ ಎಲ್ಲಿದೆ? ವಿಜ್ಞಾನದ ಪಿ.ಯು.ಸಿ. ಬೇಕು, ಬೋಧನೆ ಇಂಗ್ಲಿಷಿನಲ್ಲಿ, ವ್ಯಾಸಂಗ ನಾಲ್ಕು ವರ್ಷಕ್ಕೂ ಮೀರಿದ್ದು. ಮಳೆ ನಂಬಿದ ಒಕ್ಕಲಿನವನು ಮಗಳನ್ನು ಮಣಿಪಾಲದಂತಹ ದೂರದ ಊರಿನಲ್ಲಿಟ್ಟು ಓದಿಸಬೇಕಾದರೆ ಹೊಲವನ್ನೇ ಅಡವಿಡಬೇಕಾದೀತು.

2011ರ ಜನಗಣತಿಯಂತೆ ಕರ್ನಾಟಕದ ನೂರರಲ್ಲಿ ಏಳು ಮಂದಿ ಪರಿಶಿಷ್ಟ ಪಂಗಡದವರು. ಅವರ ಮೀಸಲಾತಿಯನ್ನು ರಾಜ್ಯವು 2022ರಲ್ಲಿ ಶೇಕಡಾ 3ರಿಂದ 7ಕ್ಕೆ ಏರಿಸಿತು. ಖಾಸಗಿ ಕಾಲೇಜುಗಳಿಗೂ ಪ್ರವೇಶದ ಮೀಸಲನ್ನು ವಿಧಿಸಬಹುದೆಂದು 2005ರ ಸಂವಿಧಾನ ತಿದ್ದುಪಡಿಯು ಅಧಿಕಾರವಿತ್ತಿತು. ಸುಪ್ರೀಂ ಕೋರ್ಟು 2014ರಲ್ಲಿ ಅದನ್ನು ಎತ್ತಿಹಿಡಿಯಿತು. ಅಧಿಕಾರವಿದ್ದೂ ಕೈಕಟ್ಟಿ ಕೂರುವುದು ನ್ಯಾಯವೆ? 2021ರ ಕೇಂದ್ರ ಕಾಯಿದೆಯು ಈ ವೃತ್ತಿಯವರ ಹೆಸರುಗಳಿಗೆ ಕೇಂದ್ರದಲ್ಲಿಯೂ ರಾಜ್ಯಗಳಲ್ಲಿಯೂ ದಾಖಲೆ ಪುಸ್ತಕಗಳನ್ನು ವಿಧಿಸಿದೆ. ಆ ಪುಸ್ತಕದಲ್ಲಿ ಹಟ್ಟಿ ತಾಂಡಗಳ ಮಕ್ಕಳೆಷ್ಟು ಮಂದಿಯೆಂಬುದನ್ನು ಸರಕಾರವು ವರ್ಷವರ್ಷವೂ ಪ್ರಕಟಿಸತಕ್ಕದ್ದು. ಓದಿದವರು ಊರಿಗೆ ಮರಳಲು ತಾಲ್ಲೂಕು ಆಸ್ಪತ್ರೆಗಳಲ್ಲಿ ಹುದ್ದೆಗಳೂ ಬೇಕು. ಅಷ್ಟರೊಳಗೆ ನಮ್ಮ ಉಪಾಧ್ಯಾಯ ಮಹಾಶಯರು ಒಂದು ಉಪಕಾರ ಮಾಡಲಿ: ಡಾಕ್ಟರು, ಇಂಜಿನಿಯರುಗಳ ಜೊತೆಗೆ ಈ ವಿದ್ಯೆಯ ಹೆಸರನ್ನೂ ತರಗತಿಯಲ್ಲಿ ಒಮ್ಮೆ ಉಚ್ಚರಿಸಲಿ.