ಮೊದಲು ಚಿತ್ರ, ಆಮೇಲೆ ಟಾರ್ಪಾಲು
(ಅವಘಡದ ಹೊತ್ತಿನಲ್ಲಿ ಸೊತ್ತು ಕಾಯ್ದುಕೊಳ್ಳುವುದು, ವಿಮೆಗಾಗಿ ಅದರ ದಾಖಲೆ ಇಡುವುದು)



ಮಳೆಗಾಲ ಹತ್ತಿರವಾದಂತೆ ನಾವು ಗೋದಾಮಿನ ಹೆಂಚು ಸರಿಮಾಡಿಸುತ್ತೇವೆ, ಕಪ್ಪು ತೆಗೆಸುತ್ತೇವೆ, ಅಡಿಕೆಗೆ ಬೋರ್ಡೋ ಹೊಡೆಸುತ್ತೇವೆ. ವಿಮೆಯ ಕಂತನ್ನೂ ಕಟ್ಟುತ್ತೇವೆ. ಕಟ್ಟಿದ ಮೇಲೆ ಆ ಕಾಗದವನ್ನು ಪೆಟ್ಟಿಗೆಯ ತಳದಲ್ಲಿಟ್ಟು ಮರೆಯುತ್ತೇವೆ. ನಷ್ಟವಾದ ದಿನ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಯಾರೂ ನಮಗೆ ಹೇಳಿರುವುದಿಲ್ಲ, ನಾವೂ ಕೇಳಿರುವುದಿಲ್ಲ. ಈ ವಿಷಯವನ್ನು ನಾನು ಕಲಿತದ್ದು ಮಲೆನಾಡಿನಲ್ಲಲ್ಲ, ಬೆಂಗಳೂರಿನ ಪೂರ್ವದ ಅಂಚಿನಲ್ಲಿ. ಅಲ್ಲಿ ಕಲಿತದ್ದು ನಮ್ಮ ಕಣಕ್ಕೂ ಗೋದಾಮಿಗೂ ಅನ್ವಯಿಸುವುದರಿಂದ ಸದಸ್ಯರ ಮುಂದಿಡುತ್ತಿದ್ದೇನೆ.

ಹೊರಮಾವಿನ ಎರಡು ಮಳೆ

ನನ್ನ ಭಾವನವರು ಕೃಷ್ಣರಾಜಪುರಂ ಕಡೆಯ ಹೊರಮಾವಿನಲ್ಲಿ ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದಾರೆ. ಊರಿನಲ್ಲಿ ಅವರಿಗೆ ನಾಲ್ಕು ಎಕರೆ ತೋಟವೂ ಇದೆ. ಹೊರಮಾವಿನ ಸಾಯಿ ಲೇಔಟ್ ಮತ್ತು ಸುತ್ತಲಿನ ಬಡಾವಣೆಗಳು ತಗ್ಗಿನಲ್ಲಿವೆ. ಮಳೆಯ ನೀರೆಲ್ಲ ರಾಜಕಾಲುವೆಯಲ್ಲಿ ಬಂದು, ರೈಲು ಹಳಿಯ ಕೆಳಗಿನ ಇಕ್ಕಟ್ಟಾದ ಕಿಂಡಿಯಲ್ಲಿ ಹಾದುಹೋಗಬೇಕು. ಹೆಚ್ಚು ಬಂದರೆ ಹಿಂದಕ್ಕೆ ಒತ್ತಿ ಮನೆಗಳಿಗೆ ನುಗ್ಗುತ್ತದೆ. ೨೦೨೨ರ ಮೇ ೧೭ರ ರಾತ್ರಿಯ ಮಳೆಗೆ ಹೀಗೆಯೇ ಆಯಿತು. ಅದೇ ವರ್ಷ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ನೀರು ನಿಂತು, ಜನ ಟ್ರಾಕ್ಟರುಗಳಲ್ಲಿ ಓಡಾಡಿದ್ದನ್ನು ಎಲ್ಲರೂ ಪತ್ರಿಕೆಗಳಲ್ಲಿ ನೋಡಿದ್ದೀರಿ.

ಮೇ ತಿಂಗಳ ಆ ರಾತ್ರಿ ಭಾವನವರ ಅಂಗಡಿಯ ಹಿಂದಿನ ಕೋಣೆಯಲ್ಲಿ ೫೦ ಕಿಲೋದ ೩೮ ಚೀಲ ಬೀಜವಿತ್ತು. ಎರಡೂವರೆ ಅಡಿ ನೀರು ಬಂದು ಕೆಳಗಿನ ಎರಡು ಸಾಲಿನ ೧೮ ಚೀಲ ನೆನೆಯಿತು. ನೀರು ಇಳಿದ ಕೂಡಲೇ ಅವರು ಒಳ್ಳೆಯ ಗೃಹಸ್ಥನಂತೆ ಕೆಲಸಕ್ಕೆ ನಿಂತರು. ಪಂಪು ಬಾಡಿಗೆಗೆ ತಂದರು, ಆಳು ಹಿಡಿದರು, ಕೆಸರು ತೊಳೆಸಿದರು. ವಾಸನೆ ತಡೆಯದೆ ೧೪ ಚೀಲವನ್ನು ಕಸದ ಲಾರಿಗೆ ಹಾಕಿಸಿದರು. ನೀರು ಕುಡಿದು ಮುದ್ದೆಯಾಗಿದ್ದ ಸ್ಟಾಕು ಪುಸ್ತಕವೂ ಅದರ ಜೊತೆ ಹೋಯಿತು. ಮೂರನೆಯ ದಿನ ಸರ್ವೇಯರ್ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಫಿನಾಯಿಲ್ ಹಾಕಿ ತೊಳೆದ ನೆಲ ಮತ್ತು ಉಳಿದ ನಾಲ್ಕು ಒದ್ದೆ ಚೀಲ.

"ಭಾವ, ಹದಿನಾಲ್ಕು ಚೀಲ ಹೋಯಿತು ಅಂತ ನಾನು ದೇವರಾಣೆ ಹಾಕಿದೆ. ಅವರು ಸಿಟ್ಟು ಮಾಡಲಿಲ್ಲ. 'ನೀವು ಸುಳ್ಳು ಹೇಳುತ್ತೀರಿ ಅಂತಲ್ಲ, ಆದರೆ ನಾನು ಏನನ್ನು ನೋಡಿ ಬರೆಯಲಿ?' ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ," ಎಂದು ಅವರು ನನಗೆ ಹೇಳಿದರು. ಬೀಜ ಕೊಟ್ಟವರಿಂದ ಬಿಲ್ಲಿನ ನಕಲು ತರಿಸಿ, ಪತ್ರದ ಮೇಲೆ ಪತ್ರ ಬರೆದು, ತಿಂಗಳುಗಳ ನಂತರ ಒಂದಷ್ಟು ಹಣ ಬಂತು. ಪಂಪಿನ ಬಾಡಿಗೆಗೂ ಆಳಿನ ಕೂಲಿಗೂ ಒಂದು ಚೀಟಿಯೂ ಇರಲಿಲ್ಲವಾದ್ದರಿಂದ ಅದನ್ನು ಕೇಳುವ ಮಾತೇ ಬರಲಿಲ್ಲ.

ಎರಡು ಕರ್ತವ್ಯಗಳ ನಡುವೆ

ಭಾವನವರು ಮಾಡಿದ ಕೆಲಸ ತಪ್ಪೇ? ಪೂರ್ತಿ ತಪ್ಪಲ್ಲ. ಸೊತ್ತು ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳುವುದು ಪಾಲಿಸಿದಾರನ ಕರ್ತವ್ಯ. ವಿಮೆಯೇ ಇಲ್ಲದಿದ್ದರೆ ಎಷ್ಟು ಕಾಳಜಿ ವಹಿಸುತ್ತಿದ್ದನೋ ಅಷ್ಟನ್ನೇ ವಿಮೆ ಇದ್ದಾಗಲೂ ವಹಿಸಬೇಕೆಂಬುದು ವಿಮೆಯ ಹಳೆಯ ನಿಯಮ. ಹೆಂಚು ಹಾರಿದ ಗೋದಾಮನ್ನು ಸರ್ವೇಯರ್ ಬರುವವರೆಗೆ ಹಾಗೆಯೇ ಬಿಟ್ಟು, ಎರಡನೆಯ ಮಳೆಗೂ ಚೀಲಗಳು ನೆನೆದರೆ, ಆ ಎರಡನೆಯ ನಷ್ಟಕ್ಕೆ ಕಂಪನಿ ತಕರಾರು ತೆಗೆಯಬಹುದು.

ಆದರೆ ಇನ್ನೊಂದು ಕರ್ತವ್ಯವೂ ಇದೆ. ನಷ್ಟವಾದದ್ದನ್ನು ಕಂಪನಿಯವರು ನೋಡಿ ಅಳೆಯಲು ಅವಕಾಶವಿರಬೇಕು. ಹಾಳಾದ ಸರಕಿನಲ್ಲೂ ಅಷ್ಟಿಷ್ಟು ಬೆಲೆ ಉಳಿದಿರುತ್ತದೆ; ಅದನ್ನು ಲೆಕ್ಕ ಹಾಕಿ ಕಳೆಯುವ ಕ್ರಮವಿದೆ. ನಾವೇ ಅದನ್ನು ಎಸೆದುಬಿಟ್ಟರೆ ಲೆಕ್ಕ ಸಿಕ್ಕುವುದಿಲ್ಲ.

ಒಂದು ಕಡೆ "ಬೇಗ ಸರಿಪಡಿಸು", ಇನ್ನೊಂದು ಕಡೆ "ಮುಟ್ಟಬೇಡ". ಇವೆರಡರ ನಡುವೆ ದಾರಿ ಒಂದೇ: ಸರಿಪಡಿಸುವುದಕ್ಕೆ ಮೊದಲು ದಾಖಲೆ, ಸರಿಪಡಿಸುವಾಗ ದಾಖಲೆ, ಸರಿಪಡಿಸಿದ ಮೇಲೆ ದಾಖಲೆ. ತಾತ್ಕಾಲಿಕ ರಕ್ಷಣೆಯನ್ನು ಕೂಡಲೇ ಮಾಡಿ. ಕಾಯಂ ದುರಸ್ತಿಯನ್ನು ಸರ್ವೇಯರ್ ನೋಡುವವರೆಗೆ ತಡೆಯಿರಿ. ಟಾರ್ಪಾಲು ಹೊದಿಸುವುದು ತಾತ್ಕಾಲಿಕ, ಹೊಸ ಹೆಂಚು ಹೊದಿಸುವುದು ಕಾಯಂ. ಮುರಿದ ಬಾಗಿಲಿಗೆ ಹಲಗೆ ಹೊಡೆಸಿ ಬೀಗ ಹಾಕುವುದು ತಾತ್ಕಾಲಿಕ, ಹೊಸ ಬಾಗಿಲು ಕೂರಿಸುವುದು ಕಾಯಂ.

ಮೊದಲ ದಿನ ಮಾಡತಕ್ಕದ್ದು

೧. ಮೊದಲು ಜೀವ. ಮೈನ್ ಸ್ವಿಚ್ ಆರಿಸದೆ ಒದ್ದೆ ಗೋದಾಮಿನೊಳಗೆ ಕಾಲಿಡಬೇಡಿ. ಬಿರುಕು ಬಿಟ್ಟ ಗೋಡೆ, ಜಾರುತ್ತಿರುವ ಧರೆ ಇದ್ದ ಕಡೆ ಚಿತ್ರಕ್ಕಾಗಿ ಹೋಗಬೇಡಿ. ದೂರದಿಂದ ತೆಗೆದರೆ ಸಾಕು.

೨. ಏನನ್ನೂ ಕದಲಿಸುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಮೊದಲು ಹೊರಗಿನಿಂದ ಇಡೀ ಕಟ್ಟಡ, ಆಮೇಲೆ ಬಾಗಿಲಲ್ಲಿ ನಿಂತು ಇಡೀ ಕೋಣೆ, ಆಮೇಲೆ ನಾಲ್ಕೂ ಮೂಲೆ, ಕೊನೆಗೆ ಒಂದೊಂದು ವಸ್ತು ಹತ್ತಿರದಿಂದ. ಗೋಡೆಯ ಮೇಲಿನ ನೀರಿನ ಗೆರೆಗೆ ಅಳತೆ ಪಟ್ಟಿ ಹಿಡಿದು ಒಂದು ಚಿತ್ರ. ಚೀಲದ ಮೇಲಿನ ಗುರುತು, ಮೋಟರಿನ ನಂಬರ್ ತಗಡು ಸ್ಪಷ್ಟವಾಗಿ ಕಾಣಬೇಕು.

೩. ಒಂದೇ ಸಮನೆ ನಡೆಯುತ್ತಾ ಒಂದು ವಿಡಿಯೋ ತೆಗೆಯಿರಿ. ದಿನ, ವೇಳೆ, ಸ್ಥಳವನ್ನು ಬಾಯಲ್ಲಿ ಹೇಳಿ, ಚೀಲಗಳನ್ನು ಎಣಿಸುತ್ತಾ ಹೋಗಿ. ಮೂಲ ಚಿತ್ರಗಳನ್ನು ಫೋನಿನಿಂದ ಅಳಿಸಬೇಡಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ಚಿತ್ರ ತೆಗೆದ ವೇಳೆಯ ವಿವರ ಉಳಿಯುವುದಿಲ್ಲ.

೪. ಕಂಪನಿಗೆ ಕೂಡಲೇ ತಿಳಿಸಿ. ಫೋನು ಮಾಡಿದರೆ ದೂರಿನ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಇಮೇಲಿನಲ್ಲೋ ಪತ್ರದಲ್ಲೋ ಅದನ್ನೇ ಬರೆದು ತಿಳಿಸಿ, ಪತ್ರವಾದರೆ ನಕಲಿನ ಮೇಲೆ ಮೊಹರು ಹಾಕಿಸಿ. ಅದರಲ್ಲಿ ಈ ಒಂದು ವಾಕ್ಯ ತಪ್ಪದೆ ಇರಲಿ: "ಇನ್ನಷ್ಟು ನಷ್ಟವಾಗದಂತೆ ಇಂದು ಇಂತಿಷ್ಟು ಗಂಟೆಗೆ ಟಾರ್ಪಾಲು ಹೊದಿಸಿ ಸರಕನ್ನು ಇಂಥ ಕಡೆಗೆ ಸಾಗಿಸುತ್ತಿದ್ದೇವೆ, ಬೇಕಾದಲ್ಲಿ ಅಲ್ಲಿಯೇ ಪರಿಶೀಲಿಸಬಹುದು."

೫. ಒಣಗಿದ್ದನ್ನೂ ನೆನೆದದ್ದನ್ನೂ ಬೇರೆ ಬೇರೆ ಇಡಿ, ಬೇರೆ ಬೇರೆ ತೂಗಿ, ತೂಕದ ಪಟ್ಟಿಗೆ ನೆರೆಯವರಿಬ್ಬರ ಸಹಿ ಹಾಕಿಸಿ. ಪಾರ್ಚ್‌ಮೆಂಟ್ ಕಾಫಿ ಶೇಕಡಾ ೧೦ರ ತೇವಾಂಶದಲ್ಲಿ ಇರಬೇಕಾದದ್ದು. ನೆನೆದು ಚೀಲದಲ್ಲೇ ಉಳಿದರೆ ಬೇಗ ಬೂಷ್ಟು ಹಿಡಿದು ಲೋಟದಲ್ಲಿ ಮುಗ್ಗಲು ವಾಸನೆ ಕೊಡುತ್ತದೆ. ಚಾಲಿಗೂ ಇದೇ ಗತಿ. ಆದ್ದರಿಂದ ಬಿಡಿಸಿ ಹರಡಿ ಒಣಗಿಸಲೇಬೇಕು, ಕಾಯುತ್ತಾ ಕೂರಬೇಡಿ. ಒಣಗಿಸಿದ ಜಾಗದ ಚಿತ್ರವೂ ಇರಲಿ.

೬. ಕೊಳೆತು ಎಸೆಯಲೇಬೇಕಾದ ಸರಕಿದ್ದರೆ ಸರ್ವೇಯರರ ಒಪ್ಪಿಗೆಯನ್ನು ಬರಹದಲ್ಲಿ ಕೇಳಿ. ಅಷ್ಟು ವೇಳೆ ಇಲ್ಲವಾದರೆ ತೂಗಿ, ಚಿತ್ರ ತೆಗೆದು, ಪ್ರತಿ ರಾಶಿಯಿಂದ ಒಂದೊಂದು ಕಿಲೋ ಮಾದರಿ ತೆಗೆದು ಚೀಟಿ ಅಂಟಿಸಿ ಇಟ್ಟುಕೊಂಡು, ಆಮೇಲೆ ಎಸೆಯಿರಿ. ಖಾಲಿ ಚೀಲಗಳನ್ನು ಎಸೆಯಬೇಡಿ. ಎಣಿಕೆಗೆ ಅವೂ ಸಾಕ್ಷಿ.

ಖರ್ಚಿನ ಚೀಟಿ

ಟಾರ್ಪಾಲು, ಹಗ್ಗ, ಪಂಪಿನ ಬಾಡಿಗೆ, ಡೀಸೆಲ್, ಬಡಗಿಯ ಕೂಲಿ, ರಾತ್ರಿ ಕಾವಲು, ಚೀಲ ಸಾಗಿಸಿದ ಪಿಕಪ್ಪು, ಇವೆಲ್ಲಕ್ಕೂ ಚೀಟಿ ಬೇಕು. ಅಂಗಡಿಯವರಿಂದ ಬಿಲ್ಲು ಪಡೆಯುವುದು ಸುಲಭ. ಆಳುಗಳಿಗೆ ಕೊಟ್ಟ ಕೂಲಿಗೆ ನಾವೇ ಒಂದು ಓಚರ್ ಬರೆಯಬೇಕು: ಹೆಸರು, ಯಾವ ಕೆಲಸ, ಎಷ್ಟು ಗಂಟೆ, ಯಾವ ದರ, ಒಟ್ಟು ಎಷ್ಟು, ಸಹಿ ಅಥವಾ ಹೆಬ್ಬೆಟ್ಟು. ಐದು ಸಾವಿರ ರೂಪಾಯಿಗೆ ಮೇಲ್ಪಟ್ಟ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚಿ. ಫೋನಿನಲ್ಲಿ ಹಣ ಕಳಿಸಿದರೆ ಅದರ ದಾಖಲೆ ತಾನಾಗಿಯೇ ಉಳಿಯುತ್ತದೆ, ಆದರೂ ಯಾವ ಕೆಲಸಕ್ಕೆ ಎಂಬುದನ್ನು ಬರೆದಿಡಿ.

ಈ ಖರ್ಚೆಲ್ಲ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಪಾಲಿಸಿಯಲ್ಲಿ ಬರೆದಿರುವಷ್ಟು ಬರುತ್ತದೆ. ೨೦೨೧ರ ಏಪ್ರಿಲ್ ೧ರಿಂದ ಎಲ್ಲ ಕಂಪನಿಗಳೂ ಕೊಡುವ ಭಾರತ್ ಗೃಹ ರಕ್ಷಾ ಎಂಬ ಮನೆಯ ಪಾಲಿಸಿಯಲ್ಲಿ, ಬಿದ್ದ ಮಣ್ಣು ಕಲ್ಲು ತೆಗೆಸುವ ಖರ್ಚು ಕ್ಲೇಮಿನ ಶೇಕಡಾ ೨ರವರೆಗೆ, ಇಂಜಿನಿಯರ್ ಮುಂತಾದವರ ಶುಲ್ಕ ಶೇಕಡಾ ೫ರವರೆಗೆ ಸೇರಿದೆ. ಅವಘಡ ನಡೆದ ೭ ದಿನದೊಳಗೆ ಅದರಿಂದಾಗಿಯೇ ಕಳವಾದರೆ ಅದಕ್ಕೂ ರಕ್ಷಣೆ ಉಂಟು. ಬಾಗಿಲು ಮುರಿದ ಮನೆಗೆ ಕಾವಲಿಟ್ಟ ದಾಖಲೆ ಏಕೆ ಬೇಕೆಂಬುದು ಇದರಿಂದ ತಿಳಿಯುತ್ತದೆ. ಸಣ್ಣ ವ್ಯಾಪಾರ ಮತ್ತು ಗೋದಾಮುಗಳಿಗೆ, ಒಂದು ಸ್ಥಳದಲ್ಲಿ ೫ ಕೋಟಿ ರೂಪಾಯಿಯವರೆಗಿನ ಸೊತ್ತಿಗೆ, ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬುದಿದೆ. ನಿಮ್ಮದು ಯಾವುದೆಂದು ಇಂದೇ ತೆಗೆದು ಓದಿ.

ಪುಸ್ತಕ ಎರಡು ಕಡೆ ಇರಲಿ

ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ೨೦೧೨ರ ಫೆಬ್ರವರಿ ೨೫ರ ಬೆಳಗಿನ ಜಾವ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದವು. ಅಂಥ ಬೆಂಕಿಯಲ್ಲಿ ಸರಕು ಸುಡುವಾಗ ಗಲ್ಲಾಪೆಟ್ಟಿಗೆಯ ಪಕ್ಕದ ಲೆಕ್ಕದ ಪುಸ್ತಕವೂ ಸುಡುತ್ತದೆ. ನಷ್ಟ ತೋರಿಸುವ ಕಾಗದವೇ ನಷ್ಟದ ಜೊತೆ ಹೋದರೆ ಗತಿಯೇನು? ವಾರಕ್ಕೊಮ್ಮೆ ಸ್ಟಾಕು ಪುಸ್ತಕದ ಪುಟದ ಚಿತ್ರ ತೆಗೆದು ಮಕ್ಕಳಿಗೋ ತಮ್ಮನಿಗೋ ಕಳಿಸಿಡಿ. ಸೊಸೈಟಿಯ ತೂಕದ ಚೀಟಿ, ಕ್ಯೂರಿಂಗ್ ವರ್ಕ್ಸಿನ ರಸೀದಿ, ಪಾಲಿಸಿಯ ನಕಲು, ಮೋಟರಿನ ಬಿಲ್ಲು ಮನೆಯಲ್ಲೂ ಒಂದು ಪ್ರತಿ ಇರಲಿ. ನಷ್ಟಕ್ಕೆ ಮೊದಲಿನ ಗೋದಾಮಿನ ಒಂದು ಚಿತ್ರ, ನಷ್ಟದ ನಂತರದ ಹತ್ತು ಚಿತ್ರಕ್ಕೆ ಸಮ.

ನಮ್ಮ ತೋಟಗಳ ಮಟ್ಟಿಗೆ

೨೦೧೮ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಕುಸಿದದ್ದನ್ನು ನಾವು ಮರೆತಿಲ್ಲ. ಈಗಿನ ಮನೆ ಮತ್ತು ಗೋದಾಮಿನ ಪಾಲಿಸಿಗಳಲ್ಲಿ ನೆರೆ, ಬಿರುಗಾಳಿ, ಭೂಕುಸಿತ ಸೇರಿವೆ. ಆದರೆ ಅವು ಕಟ್ಟಡಕ್ಕೆ, ಒಳಗಿನ ಸಾಮಾನಿಗೆ. ನಿಂತ ಗಿಡಕ್ಕಾಗಲಿ ಕೊಚ್ಚಿಹೋದ ಜಮೀನಿಗಾಗಲಿ ಅಲ್ಲ. ಅಡಿಕೆ, ಕಾಳುಮೆಣಸಿಗೆ ನಾವು ಕಟ್ಟುವ ಹವಾಮಾನ ಆಧಾರಿತ ಬೆಳೆ ವಿಮೆಯ ಲೆಕ್ಕವೇ ಬೇರೆ. ಅಲ್ಲಿ ಹಣ ತೀರ್ಮಾನವಾಗುವುದು ಮಳೆ ಮಾಪಕದ ಅಂಕಿಯಿಂದ, ನಮ್ಮ ಚಿತ್ರಗಳಿಂದಲ್ಲ. ಎರಡನ್ನೂ ಕಲಸಿಕೊಳ್ಳಬೇಡಿ.

ಮಳೆ ಬಂದದ್ದಕ್ಕೆ ಸಾಕ್ಷಿಯಾಗಿ ಹವಾಮಾನ ಇಲಾಖೆಯ ಅಥವಾ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಆ ದಿನದ ಅಂಕಿ, ಗ್ರಾಮ ಆಡಳಿತ ಅಧಿಕಾರಿಯ ಮಹಜರು, ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ಕಳವಾದರೆ ಪೊಲೀಸ್ ದೂರಿನ ಪ್ರತಿ ಉಪಯೋಗಕ್ಕೆ ಬರುತ್ತವೆ.

ಹಣ ತಡವಾದರೆ

ವಿಮಾ ನಿಯಂತ್ರಣ ಪ್ರಾಧಿಕಾರದ ೨೦೨೪ರ ಜೂನ್ ಸುತ್ತೋಲೆಯಂತೆ ನಷ್ಟ ತಿಳಿಸಿದ ೨೪ ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, ೧೫ ದಿನದೊಳಗೆ ವರದಿ ಬರಬೇಕು, ವರದಿ ಬಂದ ೭ ದಿನದೊಳಗೆ ಕಂಪನಿ ತೀರ್ಮಾನ ಹೇಳಬೇಕು. ಆಗದಿದ್ದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಜಯನಗರದ ಪಕ್ಕ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ೫೦ ಲಕ್ಷ ರೂಪಾಯಿಯವರೆಗಿನ ವಿವಾದ ಅಲ್ಲಿ ನಡೆಯುತ್ತದೆ. ಅಲ್ಲಿಯೂ ಕೇಳುವುದು ಕಾಗದವನ್ನೇ.

ಎರಡನೆಯ ಸಲ

೨೦೨೫ರ ಮೇ ೧೮ರ ರಾತ್ರಿ ಹೊರಮಾವಿನಲ್ಲಿ ಮತ್ತೆ ನೀರು ಬಂತು. ಅಷ್ಟರಲ್ಲಿ ಭಾವನವರು ಚೀಲಗಳನ್ನು ಮೂರಡಿ ಎತ್ತರದ ಅಟ್ಟಣೆಯ ಮೇಲೆ ಏರಿಸಿದ್ದರು. ನೆನೆದದ್ದು ಐದೇ ಚೀಲ, ಜೊತೆಗೆ ಹುರಿಯುವ ಯಂತ್ರದ ಮೋಟರು. ಅಕ್ಕ ಸೆರಗು ಸಿಕ್ಕಿಸಿಕೊಂಡು ನೀರಲ್ಲಿ ನಿಂತು ಗೋಡೆಗೆ ಟೇಪು ಹಿಡಿದರಂತೆ, ಭಾವ ಚಿತ್ರ ತೆಗೆದರಂತೆ. ಬೆಳಿಗ್ಗೆ ಏಳು ಗಂಟೆಗೆ ಕಂಪನಿಗೆ ಇಮೇಲ್ ಹೋಯಿತು, ಆಮೇಲೆಯೇ ಪಂಪು ಬಂತು. ಐದು ಚೀಲವನ್ನೂ ತೂಗಿ ಮಹಡಿಯ ಮೇಲೆ ಹರಡಿದರು. ಒಂದು ನೂರು ಪುಟದ ನೋಟ್ ಪುಸ್ತಕದಲ್ಲಿ ಎಷ್ಟು ಗಂಟೆಗೆ ಏನು ಮಾಡಿದೆ, ಯಾರು ಬಂದರು, ಎಷ್ಟು ಕೊಟ್ಟೆ ಎಂದು ಬರೆಯುತ್ತಾ ಹೋದರು. ಸರ್ವೇಯರ್ ಆ ಪುಸ್ತಕವನ್ನೇ ಮುಂದಿಟ್ಟುಕೊಂಡು ತಮ್ಮ ಪಟ್ಟಿ ಮಾಡಿದರು. ಈ ಸಲ ಚೀಲದ ಎಣಿಕೆಯ ಮೇಲೆ ಒಂದು ಮಾತೂ ಬರಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಅಭ್ಯಾಸ ನಮಗೆ ಬೇಡ. ಸದಸ್ಯರು ಈ ಪುಟವನ್ನು ಕತ್ತರಿಸಿ ಪಾಲಿಸಿಯ ಜೊತೆ ಇಟ್ಟುಕೊಳ್ಳಿ. ಜೊತೆಗೆ ಒಂದು ಅಳತೆ ಪಟ್ಟಿ, ಒಂದು ನೋಟ್ ಪುಸ್ತಕ, ಒಂದು ಪೆನ್ನು. ಇವು ಬಳಕೆಗೆ ಬಾರದೆ ಹಳತಾಗಲಿ ಎಂಬುದೇ ನಮ್ಮ ಹಾರೈಕೆ.