ದಂಡದ ಮೊತ್ತವೂ ಡಬ್ಬಿಯ ಆಯುಸ್ಸೂ

ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಎರೆಭೂಮಿಯಲ್ಲಿ ಹತ್ತಿ, ಮೆಣಸಿನಕಾಯಿ, ಹೆಸರು, ಕಡಲೆ ಬೆಳೆಯುವವರು ‘ಎಣ್ಣಿ’ ಎಂದು ಕರೆಯುವ ಕೀಟನಾಶಕವು ಬೀಜ-ಗೊಬ್ಬರಗಳಂತೆಯೇ ತಪ್ಪದ ಖರ್ಚಾಗಿದ್ದು, ಡಬ್ಬಿಯ ಮೇಲೆ ಬರೆದದ್ದು ಒಳಗೆ ಇಲ್ಲದಿದ್ದಾಗ ತಪ್ಪಿತಸ್ಥರಿಗೆ ಎಷ್ಟು ಶಿಕ್ಷೆ ಎಂಬುದನ್ನು ನಿರ್ಧರಿಸುತ್ತ ಬಂದಿರುವುದು 1968ರ ಕೀಟನಾಶಕ ಕಾಯ್ದೆ. ಈ ಕಾಯ್ದೆ ಹುಟ್ಟಿದ್ದು ಹೊಲದ ನಷ್ಟದಿಂದಲ್ಲ, ಊಟದ ಎಲೆಯ ಮೇಲಿನ ಸಾವಿನಿಂದ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ವಿಷ ಸೋಂಕಿದ ಗೋಧಿ ಹಿಟ್ಟನ್ನು ಉಂಡು ನೂರಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ಸರ್ಕಾರ ವಿಚಾರಣೆ ನಡೆಸಿ ಕಾನೂನು ರೂಪಿಸಿತು. ಅದು 1971ರಲ್ಲಿ ಜಾರಿಗೆ ಬಂದಿತು. ಮರುವರ್ಷವೇ ಧಾರವಾಡದಲ್ಲಿ ರೂಪುಗೊಂಡ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ಬಂದು, ಸಿಂಪಡಣೆಯನ್ನೇ ನೆಚ್ಚಿದ ಬೇಸಾಯ ಈ ಸೀಮೆಯಲ್ಲಿ ಬಲಿಯಿತಾದರೂ, ಕಾಯ್ದೆಯ ಕಣ್ಣು ಮಾತ್ರ ವಿಷದ ಮೇಲೆಯೇ ನೆಟ್ಟಿದ್ದು, ಸತ್ವವಿಲ್ಲದ ಔಷಧಿಯಿಂದ ಬೆಳೆ ಕಳೆದುಕೊಂಡವನಿಗೆ ಪರಿಹಾರ ಕೊಡಿಸುವ ಒಂದು ವಿಧಿಯೂ ಅದರಲ್ಲಿಲ್ಲ.

ನೋಂದಣಿಯಿಲ್ಲದ, ಪರವಾನಗಿಯಿಲ್ಲದ ಅಥವಾ ‘ತಪ್ಪು ಬ್ರ್ಯಾಂಡಿನ’ (ಎಂದರೆ ಲೇಬಲ್ಲಿಗೂ ಒಳಗಿನ ವಸ್ತುವಿಗೂ ತಾಳೆಯಾಗದ) ಕೀಟನಾಶಕವನ್ನು ಮಾರಿದವರಿಗೆ ಮೂಲ ಕಾಯ್ದೆ ಎರಡು ವರ್ಷದವರೆಗಿನ ಸೆರೆವಾಸ ಅಥವಾ 2,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ಗೊತ್ತುಮಾಡಿತ್ತು. 2000ದ ತಿದ್ದುಪಡಿಯು ಮೊದಲ ಅಪರಾಧದ ದಂಡವನ್ನು ಕನಿಷ್ಠ 10,000ದಿಂದ ಗರಿಷ್ಠ 50,000 ರೂಪಾಯಿಗೂ, ಮತ್ತೆ ಸಿಕ್ಕಿಬಿದ್ದವರ ದಂಡವನ್ನು 15,000ದಿಂದ 75,000 ರೂಪಾಯಿಗೂ ಏರಿಸಿತು. ಆದರೆ ಕಾನೂನಿನಲ್ಲಿ ರೂಪಾಯಿಯ ಲೆಕ್ಕದಲ್ಲಿ ಅಚ್ಚಾದ ದಂಡವು ಬೆಲೆಗಳು ಏರಿದಂತೆಲ್ಲ ತಾನೇ ಕರಗುತ್ತದೆ; ಒಂದು ಲಾರಿ ಸರಕಿನ ಲಾಭಕ್ಕೆ ಹೋಲಿಸಿದರೆ ತಯಾರಕನಿಗೆ ಇದು ವ್ಯಾಪಾರದ ಒಂದು ಸಣ್ಣ ಖರ್ಚಷ್ಟೇ. ಅದೇ ಮೊತ್ತ ಹಳ್ಳಿಯ ಗೊಬ್ಬರದಂಗಡಿಯವನಿಗೆ ಹೊರೆಯಾಗಬಲ್ಲದು. ಪರವಾನಗಿ ಇದ್ದವರಿಂದಲೇ ಕೊಂಡು, ಸರಿಯಾಗಿ ದಾಸ್ತಾನಿಟ್ಟು, ದೋಷ ತನಗೆ ತಿಳಿಯುವಂತಿರಲಿಲ್ಲವೆಂದು ಸಾಬೀತುಮಾಡಿದ ವ್ಯಾಪಾರಿಗೆ ಕಾಯ್ದೆಯೇ ರಕ್ಷಣೆ ನೀಡುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು.

ಮೊತ್ತಕ್ಕಿಂತ ದೊಡ್ಡ ತೊಡಕು ಇರುವುದು ಕಾಲದಲ್ಲಿ. ಕೀಟನಾಶಕ ಪರಿವೀಕ್ಷಕರಾಗಿ ಅಧಿಕಾರ ಪಡೆದ ಕೃಷಿ ಇಲಾಖೆಯ ಅಧಿಕಾರಿಗಳು ಅಂಗಡಿಯಿಂದ ತೆಗೆದ ಮಾದರಿಯನ್ನು ಮೂರು ಪಾಲು ಮಾಡಿ ಮುದ್ರೆ ಹಾಕಿ, ಒಂದನ್ನು ಅಂಗಡಿಯವನಿಗೇ ಮರಳಿಸಿ, ಇನ್ನೊಂದನ್ನು ವಿಶ್ಲೇಷಕರಿಗೆ ಕಳುಹಿಸಿ, ಮೂರನೆಯದನ್ನು ನ್ಯಾಯಾಲಯಕ್ಕಾಗಿ ಕಾದಿರಿಸುತ್ತಾರೆ. ವಿಶ್ಲೇಷಕರ ವರದಿಯನ್ನು ಒಪ್ಪದವನು ಅದು ಕೈಸೇರಿದ 28 ದಿನಗಳೊಳಗೆ ತಿಳಿಸಿದರೆ ಆ ಮೂರನೆಯ ಪಾಲನ್ನು ಕೇಂದ್ರೀಯ ಕೀಟನಾಶಕ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಮಾಡಿಸಬಹುದು, ಮತ್ತು ಅಲ್ಲಿಯ ವರದಿಯೇ ಅಂತಿಮ. ಆದರೆ ಮೊಕದ್ದಮೆ ಹೂಡಲು ರಾಜ್ಯ ಸರ್ಕಾರದ ಅಥವಾ ಅದು ಅಧಿಕಾರ ಕೊಟ್ಟವರ ಲಿಖಿತ ಒಪ್ಪಿಗೆ ಬೇಕಾಗಿದ್ದು, ಕಡತ ಮೇಜಿನಿಂದ ಮೇಜಿಗೆ ಸಾಗುವಷ್ಟರಲ್ಲಿ ಔಷಧಿಯ ಬಳಕೆಯ ಅವಧಿ ಮುಗಿದುಹೋದರೆ ಮರುಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ. ಹೀಗೆ ಆರೋಪಿಯ ಅಮೂಲ್ಯ ಹಕ್ಕು ತಪ್ಪಿಹೋಯಿತೆಂಬ ಕಾರಣಕ್ಕೆ ಹರಿಯಾಣದ ಪ್ರಕರಣವೊಂದು ನಿಲ್ಲಲಾರದೆಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದಿನಿಂದ ಮೊಕದ್ದಮೆ ರದ್ದುಪಡಿಸಲು ಕೋರುವವರಿಗೆ ಇದು ಕೈಗೆ ಸಿದ್ಧವಾದ ವಾದ. ಈ ಸೀಮೆಯ ಇಂಥ ಅರ್ಜಿಗಳಿಗೆ, 2013ರಲ್ಲಿ ಕಾಯಂ ಆದ ಹೈಕೋರ್ಟಿನ ಧಾರವಾಡ ಪೀಠವೇ ಬಾಗಿಲು. ತಡ ಮಾಡಿದ್ದು ಕಚೇರಿ, ಲಾಭ ಆರೋಪಿಗೆ, ನಷ್ಟ ಸಾಕ್ಷಿಯೂ ಅಲ್ಲದ ರೈತನಿಗೆ.

2020ರ ಮಾರ್ಚ್‌ನಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಕೀಟನಾಶಕ ನಿರ್ವಹಣಾ ಮಸೂದೆಯು ಪರವಾನಗಿಯಿಲ್ಲದೆ ತಯಾರಿಸಿ ಮಾರುವವರಿಗೆ ಮೂರು ವರ್ಷದವರೆಗಿನ ಸೆರೆವಾಸವನ್ನೋ 40 ಲಕ್ಷ ರೂಪಾಯಿವರೆಗಿನ ದಂಡವನ್ನೋ ಎರಡನ್ನೂ ಒಟ್ಟಿಗೋ ಸೂಚಿಸಿತು. 50,000ದಿಂದ 40 ಲಕ್ಷಕ್ಕೆ ಈ ಜಿಗಿತ ಸರಿಯಾದ ದಿಕ್ಕಿನದೇ. ಆದರೆ ಮೊಕದ್ದಮೆ ತೀರ್ಪಿನವರೆಗೆ ಬದುಕಿದ್ದರೆ ಮಾತ್ರ ಆ ಮೊತ್ತಕ್ಕೆ ಬೆಲೆ. ಪರವಾನಗಿಯನ್ನು ಅಮಾನತುಗೊಳಿಸುವ, ರದ್ದುಪಡಿಸುವ ಅಧಿಕಾರ ಹಳೆಯ ಕಾಯ್ದೆಯಲ್ಲೇ ಇದ್ದು, ಹಂಗಾಮಿನ ನಡುವೆ ಅಂಗಡಿಗೆ ಬೀಳುವ ಬೀಗವು ವರ್ಷಗಳಾಚೆಯ ದಂಡಕ್ಕಿಂತ ವ್ಯಾಪಾರಿಯನ್ನು ಹೆಚ್ಚು ಹೆದರಿಸುತ್ತದೆ.

ತನ್ನ ಹೊಲದಲ್ಲಿ ಸಿಂಪಡಿಸುವ ರೈತನ ಬಳಕೆಗೆ 1968ರ ಕಾಯ್ದೆ ಅನ್ವಯಿಸದಾದ್ದರಿಂದ, ಮೆಣಸಿನಕಾಯಿಯಲ್ಲಿ ಉಳಿದ ವಿಷಾಂಶದ ಪ್ರಶ್ನೆಯನ್ನು 2006ರ ಆಹಾರ ಸುರಕ್ಷತಾ ಕಾಯ್ದೆ ನೋಡಿಕೊಳ್ಳಬೇಕಾಗಿದೆ. ನಷ್ಟಕ್ಕೀಡಾದ ರೈತನಿಗೆ ಉಳಿಯುವ ದಾರಿ ಗ್ರಾಹಕರ ಆಯೋಗ. ಬಿತ್ತನೆ ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿರುವುದು ಇಲ್ಲಿಯೂ ಆಸರೆ. ಅಲ್ಲಿ ಮೊದಲು ಕೇಳುವುದು ರಸೀದಿ. ನಗದಿಗಿರಲಿ ಉದ್ರಿಗಿರಲಿ, ಮಾರಿದವನು ರಸೀದಿ ಕೊಡಲೇಬೇಕೆಂದು 1971ರ ನಿಯಮಗಳು ಹೇಳುತ್ತವೆ. ಸುಗ್ಗಿಯಾದ ಮೇಲೆ ಹಣ ಕೊಡುವ ಉದ್ರಿಯ ಲೆಕ್ಕದಲ್ಲಿ ಮಾತ್ರ ಡಬ್ಬಿಯ ಹೆಸರೂ ಬ್ಯಾಚ್ ಸಂಖ್ಯೆಯೂ ಎಷ್ಟೋ ಸಲ ಅಂಗಡಿಯವನ ಖಾತೆಪುಸ್ತಕದಾಚೆಗೆ ಬರುವುದಿಲ್ಲ.