ಸಂಶೋಧನೆಗೆ ಎಂ.ಎಸ್ಸಿ.ವರೆಗೆ ಕಾಯಬೇಕೆ?

1957ರ ಬೇಸಿಗೆಯ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅಕ್ಕಪಕ್ಕದ ಹಳ್ಳಿಗಳಲ್ಲಿ ಜನ ಜ್ವರ ಬಂದು ಹಾಸಿಗೆ ಹಿಡಿದರು. ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಓಡಿ ಬಂದರು. ಅವರಿಗೆ ಸಿಕ್ಕಿದ್ದು ಅದುವರೆಗೆ ವಿಜ್ಞಾನಕ್ಕೆ ಗೊತ್ತೇ ಇರದಿದ್ದ ಒಂದು ವೈರಸ್. ನಮ್ಮ ಜನ ಮಂಗನ ಕಾಯಿಲೆ ಎನ್ನುವ ಈ ರೋಗಕ್ಕೆ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರೇ ಇದೆ. ಆದರೆ ಮಂಗಗಳು ಸಾಯುತ್ತಿರುವುದನ್ನು ಮೊದಲು ಕಂಡವರು ವಿಜ್ಞಾನಿಗಳಲ್ಲ, ಊರಿನವರು.

ಸೊರಬ, ಶಿಕಾರಿಪುರದಂಥ ಊರುಗಳಲ್ಲಿ ಬಿ.ಎಸ್ಸಿ. ಓದುವ ಮಕ್ಕಳಿಗೆ ಈ ಸಂಗತಿಯನ್ನು ಮತ್ತೆ ಮತ್ತೆ ಹೇಳಬೇಕು. ಸಂಶೋಧನೆ ಎಂದರೆ ಬೆಂಗಳೂರಿನ ದೊಡ್ಡ ಸಂಸ್ಥೆಗಳ ಕೆಲಸ, ಅದೂ ಎಂ.ಎಸ್ಸಿ. ಮುಗಿದ ಮೇಲಿನ ಮಾತು ಎಂಬ ಭಾವನೆ ಮನೆಗಳಲ್ಲೂ ಇದೆ, ತರಗತಿಗಳಲ್ಲೂ ಇದೆ. ಅದು ಅರ್ಧ ಮಾತ್ರ ನಿಜ. ಮಂಗನ ಕಾಯಿಲೆಯ ವೈರಸ್ಸನ್ನು ಕಾಲೇಜಿನ ಲ್ಯಾಬಿನಲ್ಲಿ ಮುಟ್ಟುವಂತಿಲ್ಲ. ಅದಕ್ಕೆ ಅತಿ ಬಿಗಿ ಭದ್ರತೆಯ ಪ್ರಯೋಗಾಲಯವೇ ಬೇಕು. ರೋಗ ಹರಡುವ ಉಣುಗುಗಳನ್ನು ಕಾಡಿನ ನೆಲದ ಮೇಲೆ ಬಿಳಿ ಫ್ಲಾನೆಲ್ ಬಟ್ಟೆ ಎಳೆದು ಹಿಡಿಯುತ್ತಾರೆ. ಅದೂ ತರಬೇತಿ ಪಡೆದವರ ಕೆಲಸ. ಆದರೆ ಇತ್ತೀಚಿನ ಅಧ್ಯಯನಗಳು ಇನ್ನೊಂದು ದಿಕ್ಕಿಗೆ ಬೆರಳು ತೋರಿಸಿವೆ: ಕಾಡು, ತೋಟ, ಗದ್ದೆ ಒಂದಕ್ಕೊಂದು ಬೆರೆತಿರುವ, ನಾಟಿ ದನಗಳು ಹೆಚ್ಚಿರುವ ಕಡೆ ಅಪಾಯ ಜಾಸ್ತಿ. ಹಾಗಿದ್ದರೆ ಯಾವ ಕೇರಿಯ ದನ ಯಾವ ತಿಂಗಳಲ್ಲಿ ಎಲ್ಲಿಗೆ ಮೇಯಲು ಹೋಗುತ್ತವೆ, ತರಗೆಲೆ ಗುಡಿಸಲು ಯಾರು ಯಾವಾಗ ಕಾಡಿಗೆ ಹೋಗುತ್ತಾರೆ? ಊರಿನ ಮಾತು, ಊರಿನ ದಾರಿ ಗೊತ್ತಿರುವ ವಿದ್ಯಾರ್ಥಿ ಮನೆ ಮನೆಗೆ ಹೋಗಿ ಇದನ್ನು ಕೇಳಿ ದಾಖಲಿಸಬಲ್ಲ.

ಡಿಗ್ರಿಯ ಪ್ರಾಕ್ಟಿಕಲ್‌ಗೂ ಸಂಶೋಧನೆಗೂ ಇರುವ ವ್ಯತ್ಯಾಸವನ್ನು ನೀರಿನ ಒಂದು ಬಾಟಲಿಯಲ್ಲೇ ನೋಡಬಹುದು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನ ಎಷ್ಟೋ ಕಾಲೇಜುಗಳಿಗೆ ಪರಿಚಿತ. ಗಾಳಿಗುಳ್ಳೆ ಸೇರದಂತೆ ಬಾಟಲಿ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕಿದರೆ ಕಂದು ಗಸಿ ಇಳಿಯುತ್ತದೆ. ಆಮ್ಲ ಹಾಕಿದರೆ ಅದು ಕರಗುತ್ತದೆ. ಆಮೇಲೆ ಥಯೋಸಲ್ಫೇಟ್‌ನೊಂದಿಗೆ ಟೈಟ್ರೇಷನ್. ಪಿಷ್ಟದ ನೀಲಿ ಮಾಯವಾದಲ್ಲಿಗೆ ಲೆಕ್ಕ ಮುಗಿಯಿತು. ಲ್ಯಾಬಿನ ನಲ್ಲಿನೀರಿಗೆ ಇದನ್ನು ಮಾಡಿದರೆ ಅಂಕ ಬರುತ್ತದೆ, ಅಷ್ಟೆ. ಅದನ್ನೇ ಶಿಕಾರಿಪುರದ ಬಳಿ ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯದ ನೀರಿಗೆ, ಪ್ರತಿ ತಿಂಗಳು, ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ವರ್ಷವಿಡೀ ಮಾಡಿದರೆ ಬರುವ ಉತ್ತರ ಮೇಷ್ಟ್ರಿಗೂ ಮೊದಲೇ ಗೊತ್ತಿರುವುದಿಲ್ಲ. ಸಂಶೋಧನೆ ಶುರುವಾಗುವುದು ಅಲ್ಲಿಂದ.

ಸೊರಬದವರಿಗೆ ಗುಡವಿ ಇದೆ. ಮುಕ್ಕಾಲು ಚದರ ಕಿಲೋಮೀಟರ್ ಕೂಡ ಇಲ್ಲದ ಈ ಪಕ್ಷಿಧಾಮಕ್ಕೆ ಮಳೆಗಾಲದಲ್ಲಿ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಲು ಬರುತ್ತವೆ. ಮಳೆ ತಡವಾದ ವರ್ಷ ಗೂಡೂ ತಡವಾಗುತ್ತದೆಯೇ? ಅರಣ್ಯ ಇಲಾಖೆಯ ಅನುಮತಿ, ಒಂದು ದುರ್ಬೀನು, ನೋಟ್‌ಬುಕ್ಕು ಇದ್ದರೆ ಎಣಿಕೆ ಆರಂಭಿಸಬಹುದು. ಕಂಡ ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದರೆ ಅದನ್ನು ಯಾವ ದೇಶದ ಸಂಶೋಧಕರೂ ಬಳಸಬಹುದು.

ಇಂಥ ಕೆಲಸ ನಮ್ಮಲ್ಲಿ ನಡೆದೂ ಇದೆ. 1990ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಪಶ್ಚಿಮಘಟ್ಟದ ಜೀವವೈವಿಧ್ಯವನ್ನು ದಾಖಲಿಸಲು ಜಾಲವೊಂದನ್ನು ಕಟ್ಟಿದಾಗ ಅದರಲ್ಲಿ ಘಟ್ಟದುದ್ದಕ್ಕೂ ಇರುವ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡರು. ಅಧ್ಯಾಪಕರು ಜೊತೆಗಿದ್ದುದು ಮುಖ್ಯ. ಮೂರು ವರ್ಷಕ್ಕೆ ವಿದ್ಯಾರ್ಥಿ ಹೊರಟುಹೋಗುತ್ತಾನೆ. ದಾಖಲೆಯನ್ನು ಮುಂದಿನ ತಂಡದ ಕೈಗೆ ದಾಟಿಸುವವರು ಮೇಷ್ಟ್ರೇ.

ಇನ್ನು ದೊಡ್ಡ ಲ್ಯಾಬಿನ ಮಾತು. 1928ರಲ್ಲಿ ಮದರಾಸಿಗೆ ಬಂದಿದ್ದ ಜರ್ಮನ್ ಭೌತವಿಜ್ಞಾನಿ ಸಾಮರ್‌ಫೆಲ್ಡ್ ಅವರನ್ನು ಪ್ರೆಸಿಡೆನ್ಸಿ ಕಾಲೇಜಿನ ಪದವಿ ವಿದ್ಯಾರ್ಥಿ ಎಸ್. ಚಂದ್ರಶೇಖರ್ ತಾನಾಗಿಯೇ ಹೋಗಿ ಕಂಡ. ತಾನು ಓದಿದ ಭೌತವಿಜ್ಞಾನ ಆಗಲೇ ಹಳತಾಗಿದೆ ಎಂದು ಅಲ್ಲಿ ತಿಳಿಯಿತು. ಇನ್ನೂ ಪ್ರಕಟವಾಗದ ತಮ್ಮ ಲೇಖನದ ಕರಡಚ್ಚನ್ನೇ ಸಾಮರ್‌ಫೆಲ್ಡ್ ಆ ಹುಡುಗನಿಗೆ ಕೊಟ್ಟರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಚಂದ್ರಶೇಖರ್ ಹೆಸರಿನ ಲೇಖನ ಬಂತು. ಬಿ.ಎಸ್ಸಿ. ಪದವಿ ಕೈಗೆ ಬಂದದ್ದು 1930ರಲ್ಲಿ, ನೊಬೆಲ್ 1983ರಲ್ಲಿ.

ಇಂದು ಹಾಗೆ ಹೋಗಿ ಕಾಣಲು ವ್ಯವಸ್ಥೆಯೇ ಇದೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆಗೂಡಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನೀಡುತ್ತ ಬಂದಿದೆ. ಆಯ್ಕೆಯಾದವರು ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಶಿಷ್ಯವೇತನ ಪಡೆದು ಕೆಲಸ ಮಾಡುತ್ತಾರೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರವಂತೂ ರಸಾಯನವಿಜ್ಞಾನ, ಜೀವವಿಜ್ಞಾನಗಳಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳನ್ನು ಮೊದಲ ವರ್ಷದಲ್ಲೇ ಆರಿಸಿ ಮೂರು ಬೇಸಿಗೆ ಕರೆಸಿಕೊಳ್ಳುವ ಕಾರ್ಯಕ್ರಮಗಳನ್ನು ರೂಪಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಪದವಿಯಲ್ಲಿ ಸಂಶೋಧನೆ ಪಠ್ಯದ ಭಾಗವೇ ಆಗಿದೆ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಆ ಅನುಕೂಲವಿಲ್ಲ. ರಾಜ್ಯ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ಇಲ್ಲಿನ ಮಕ್ಕಳು ಬೇಗ ಹೊರಡಬೇಕು.

ಈ ಅರ್ಜಿಗಳಿಗೆ ಅಂಕಪಟ್ಟಿಯ ಜೊತೆ ಅಧ್ಯಾಪಕರ ಶಿಫಾರಸು ಪತ್ರ, ಯಾವ ವಿಷಯದಲ್ಲಿ ಏಕೆ ಆಸಕ್ತಿ ಎಂಬ ಪುಟ್ಟ ಬರಹ ಕೇಳುವುದುಂಟು. ಹುಡುಗರು ಎಡವುವುದು ಈ ಬರಹದಲ್ಲಿ. ‘ವಿಜ್ಞಾನ ಎಂದರೆ ನನಗೆ ಪ್ರಾಣ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಅಂಜನಾಪುರದ ನೀರಿನಲ್ಲಿ ಏಪ್ರಿಲ್‌ಗೂ ಆಗಸ್ಟ್‌ಗೂ ಕಂಡ ವ್ಯತ್ಯಾಸವನ್ನು ನಾಲ್ಕು ಸಾಲಿನಲ್ಲಿ ಬರೆದ ಹುಡುಗಿಯನ್ನು ಅವರು ಕರೆದು ಮಾತಾಡಿಸುತ್ತಾರೆ. ಇಂಗ್ಲಿಷ್ ತೊಡಕಾದರೆ ಮೊದಲು ಕನ್ನಡದಲ್ಲೇ ಬರೆದುಕೊಂಡು, ಆಮೇಲೆ ಮೇಷ್ಟ್ರ ಜೊತೆ ಕೂತು ತಿದ್ದಿಸಿಕೊಳ್ಳಬಹುದು.

ಬೇಸಿಗೆ ಫೆಲೋಶಿಪ್‌ಗಳ ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಮುಗಿದುಹೋಗುತ್ತದೆ. ಅಧ್ಯಾಪಕರು ಅದರ ಪ್ರಕಟಣೆಯನ್ನು ಸೆಪ್ಟೆಂಬರ್‌ನಿಂದಲೇ ಹುಡುಕಿ ನೋಟಿಸ್ ಬೋರ್ಡಿಗೆ ಹಚ್ಚಲಿ, ವಿದ್ಯಾರ್ಥಿಗಳು ಅಷ್ಟರೊಳಗೆ ತಮ್ಮ ಊರಿನ ಒಂದು ಕೆರೆಯನ್ನಾದರೂ ಅಳೆಯಲು ಶುರುಮಾಡಲಿ.